ಕೆಡಹುವುದಕ್ಕೆ ಮೊದಲು

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ, ಬಳ್ಳಾರಿ ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವೆಡೆಯಲ್ಲಿ ಹೆಬ್ಬಾಳವೆಂಬ ಊರುಂಟು. ಹೆಬ್ಬಾಳವೆಂದೊಡನೆ ಈಗ ವಾಚಕರ ಕಣ್ಣಿಗೆ ಕಟ್ಟುವುದು ಮೇಲುಸೇತುವೆ, ಅದರ ಮೇಲೆ ಸಾಲುಗಟ್ಟಿ ನಿಂತ ವಾಹನಗಳು, ಪಕ್ಕದ ಕೆರೆ, ಇಷ್ಟೆ. ಆ ಗದ್ದಲವನ್ನು ಬೆನ್ನಿಗೆ ಹಾಕಿ ಹಳೆಯ ಹಳ್ಳಿಯ ಓಣಿಗಳನ್ನು ಹೊಕ್ಕರೆ ಅಲ್ಲೊಂದು ಸಣ್ಣ ಕಲ್ಲಿನ ಮಂಟಪ ಕಾಣಸಿಗುತ್ತದೆ. ಮಂಟಪದೊಳಗೆ ಒಂದು ವೀರಗಲ್ಲನ್ನು ನಿಲ್ಲಿಸಿದ್ದಾರೆ.

2018ರಲ್ಲಿ ಚರಂಡಿಯ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ಈ ಕಲ್ಲು ಮೇಲಕ್ಕೆ ಬಂದಿತು. ಶಾಸನಗಳಲ್ಲಿ ಆಸಕ್ತಿಯುಳ್ಳ ಕೆಲವರು ಸುದ್ದಿ ತಿಳಿದು ಓಡಿಬಂದರು. ಕಲ್ಲನ್ನು ತೊಳೆದು, ಅಕ್ಷರಗಳನ್ನು ಓದಿಸಿದರು. ಗಂಗರ ದೊರೆ ಶ್ರೀಪುರುಷನ ಕಾಲದ, ಎಂದರೆ ಸುಮಾರು ಕ್ರಿ.ಶ. 750ರ ಬರಹವದು. ಶತ್ರುಗಳು ಮೇಲೆ ಬಿದ್ದಾಗ ಹೋರಾಡಿ ಮಡಿದ ಕಿತ್ತಯ್ಯನೆಂಬವನ ಸ್ಮರಣೆಗಾಗಿ ಅದನ್ನು ನೆಟ್ಟಿದ್ದರು. ಬೆಂಗಳೂರು ನಗರದಲ್ಲಿ ಇದುವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ವಿದ್ವಾಂಸರು ಎಣಿಸುತ್ತಾರೆ. ಅದರಲ್ಲಿ ಈ ಸೀಮೆಗೆ ಪೆರ್ಬೊಳಲ್ ನಾಡು ಎಂಬ ಹೆಸರಿದೆ. ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲ್ ಎಂದರೆ ಹಿರಿಯ ಪಟ್ಟಣ. ಪಕಾರವು ಹಕಾರವಾಗುವ ಕನ್ನಡದ ಎಂದಿನ ರೀತಿಯಲ್ಲಿ ಅದೇ ಹೆಸರು ಸವೆಯುತ್ತ ಬಂದು ಇಂದಿನ ಹೆಬ್ಬಾಳವಾಗಿದೆ. ಹನ್ನೆರಡೂವರೆ ಶತಮಾನಗಳಿಗೂ ಮೀರಿದ ಊರಿನ ವಯಸ್ಸು ಒಂದು ಚರಂಡಿಯ ಗುಂಡಿಯಲ್ಲಿ ಸಿಕ್ಕಿತೆಂದರೆ ಆಶ್ಚರ್ಯವಲ್ಲವೆ!

ಕಲ್ಲು ಉಳಿದದ್ದು ಅದೃಷ್ಟ. ಕಂಡವರು ಅದನ್ನು ಒಳ್ಳೆಯ ಚಪ್ಪಡಿಯೆಂದು ಬಗೆದು ಚರಂಡಿಯ ಮೇಲೆ ಹಾಸಿಬಿಟ್ಟಿದ್ದರೆ ಕೇಳುವವರಿರಲಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಅಚ್ಚು ಮಾಡಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ಕೈಯಲ್ಲಿ ಹಿಡಿದು ಹೊರಟರೆ, ಅವರು ಕಂಡ ಕಲ್ಲುಗಳಲ್ಲಿ ಹಲವು ಈಗ ಅವರು ಹೇಳಿದ ಸ್ಥಳದಲ್ಲಿಲ್ಲ. ಕಲ್ಲು ಹೋದರೂ ಅವುಗಳ ಪಾಠವಾದರೂ ಪುಸ್ತಕದಲ್ಲಿ ಉಳಿದಿದೆ. ಒಂದು ಕಟ್ಟಡ ಹೋದರೆ ಏನು ಉಳಿದೀತು? ಕಲ್ಲನ್ನು ನಾಲ್ಕು ಜನ ಸೇರಿ ಎತ್ತಿ ಪಕ್ಕಕ್ಕೆ ಇಡಬಹುದು. ನಗರದ ನಟ್ಟನಡುವೆ, ಚದರಡಿಗೆ ಬಂಗಾರದ ಬೆಲೆ ಬಂದಿರುವ ನೆಲದ ಮೇಲೆ ನಿಂತ ನೂರೈವತ್ತು ವರ್ಷದ ಕಟ್ಟಡವನ್ನು ಹಾಗೆ ಎತ್ತಿಡಲಾಗದು. ಅದು ಇದ್ದಲ್ಲಿಯೇ ಉಳಿಯಬೇಕು, ಇಲ್ಲವೆ ಅಳಿಯಬೇಕು. ಉಳಿಸುವುದೆ, ಅಳಿಸುವುದೆ ಎಂಬ ಪ್ರಶ್ನೆ ಬಂದಾಗಲೆಲ್ಲ ಒಂದು ಪಕ್ಷದವರು ಸೌಂದರ್ಯವನ್ನೂ ನೆನಪುಗಳನ್ನೂ ಮುಂದಿಡುತ್ತಾರೆ. ಇನ್ನೊಂದು ಪಕ್ಷದವರು ‘ಕಟ್ಟಡಕ್ಕೆ ವಯಸ್ಸಾಯಿತು, ಅಪಾಯ’ ಎನ್ನುತ್ತಾರೆ. ವಯಸ್ಸಾಯಿತೆಂಬ ಮಾತಿಗೆ ವಿಜ್ಞಾನದಲ್ಲಿ ಏನು ಅರ್ಥ ಎಂಬುದನ್ನು ಇಬ್ಬರೂ ಕೇಳುವುದು ಕಡಿಮೆ. ಅದನ್ನೇ ಈ ಲೇಖನದಲ್ಲಿ ವಿಚಾರಿಸೋಣ.

ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟರೆ, 1899ರಲ್ಲಿ ಪ್ರಯೋಗ ಕ್ಷೇತ್ರವಾಗಿ ಆರಂಭವಾಗಿ ಮುಂದೆ ಕೃಷಿ ವಿಶ್ವವಿದ್ಯಾನಿಲಯದ ಆವರಣವಾದ ಭೂಮಿಯನ್ನೂ, ಮೇಖ್ರಿ ವೃತ್ತವನ್ನೂ, ಅರಮನೆಯ ಮೈದಾನವನ್ನೂ ದಾಟಿ, ಎಂಟೊಂಬತ್ತು ಕಿಲೋಮೀಟರಿನಷ್ಟು ದೂರದಲ್ಲಿ ವಿಧಾನಸೌಧ ಎದುರಾಗುತ್ತದೆ. ಅದರ ಇದಿರಿಗೆ, ಕಬ್ಬನ್ ಉದ್ಯಾನದ ಹಸುರಿಗೆ ಒತ್ತಿಕೊಂಡು ನಿಂತಿರುವ ಕೆಂಪು ಬಣ್ಣದ ಎರಡಂತಸ್ತಿನ ಉದ್ದ ಕಟ್ಟಡವೇ ಅಠಾರಾ ಕಚೇರಿ. ಅಠಾರಾ ಎಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು. ಮೈಸೂರು ಸಂಸ್ಥಾನದ ಆಡಳಿತದ ಹದಿನೆಂಟು ಇಲಾಖೆಗಳು ಇಲ್ಲಿದ್ದವಾದ್ದರಿಂದ ಈ ಹೆಸರು. ಅದಕ್ಕೆ ಮೊದಲು ಕಚೇರಿಗಳು ಕೋಟೆಯೊಳಗೆ ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ನಡೆಯುತ್ತಿದ್ದವು. ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರ ನಕ್ಷೆಯಂತೆ, ಆರ್ಕಾಟು ನಾರಾಯಣಸ್ವಾಮಿ ಮೊದಲಿಯಾರರ ಗುತ್ತಿಗೆಯಲ್ಲಿ 1864ರಿಂದ 1868ರವರೆಗೆ ಹೊಸ ಕಟ್ಟಡ ಎದ್ದಿತು. 1956ರಲ್ಲಿ ಸಚಿವಾಲಯವು ವಿಧಾನಸೌಧಕ್ಕೆ ಹೋದ ಮೇಲೆ ಕೆಂಪು ಕಟ್ಟಡ ಉಚ್ಚ ನ್ಯಾಯಾಲಯದ ವಶದಲ್ಲಿ ಉಳಿಯಿತು.

1982ರಲ್ಲಿ ಈ ಕಟ್ಟಡವನ್ನು ಕೆಡಹುವ ಪ್ರಸ್ತಾಪ ಬಂದಿತು. ಕಾರಣ ಕೇಳಿದರೆ, ಹಳೆಯದಾಯಿತು, ಸ್ಥಳ ಸಾಲದು ಎಂಬುದೇ. ನಾಗರಿಕರು ಸುಮ್ಮನಿರಲಿಲ್ಲ, ಸಾರ್ವಜನಿಕರ ಹಿತಾಸಕ್ತಿಯ ಹೆಸರಿನಲ್ಲಿ ನ್ಯಾಯಾಲಯದ ಮೊರೆ ಹೊಕ್ಕರು. ಅಂತಹ ಅರ್ಜಿಗಳು ನಮ್ಮ ದೇಶದಲ್ಲಿ ಆಗತಾನೆ ಕಣ್ಣು ಬಿಡುತ್ತಿದ್ದ ಕಾಲವದು. ವ್ಯಾಜ್ಯದ ವಿಚಾರಣೆ ಯಾವ ಕಟ್ಟಡದ ಪ್ರಾಣ ಪಣಕ್ಕೆ ಬಿದ್ದಿತ್ತೋ ಅದರ ಒಳಗೇ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. ತನ್ನ ಮೇಲಿನ ಆರೋಪವನ್ನು ತಾನೇ ಕಿವಿಯಾರೆ ಕೇಳಿದ ಕಟ್ಟಡ ಜಗತ್ತಿನಲ್ಲಿ ಇನ್ನೊಂದು ಇದ್ದಂತಿಲ್ಲ! ಕೊನೆಗೆ ಅಠಾರಾ ಕಚೇರಿ ಉಳಿಯಿತು. ಸ್ಥಳದ ಕೊರತೆಯನ್ನು ಅದರ ಹಿಂಬದಿಯಲ್ಲಿ ಹೊಸ ಭಾಗಗಳನ್ನು ಕಟ್ಟಿ ನೀಗಿಸಿದರು. ನ್ಯಾಯಾಲಯ ಇಂದಿಗೂ ಅಲ್ಲಿಯೇ ನಡೆಯುತ್ತಿದೆ. ಕಟ್ಟಡಕ್ಕೆ 1868ರಿಂದ ಎಣಿಸಿದರೆ ನೂರೈವತ್ತು ವರ್ಷ ದಾಟಿದೆ.

ಈಗ ವಯಸ್ಸಿನ ಮಾತು. 1970ರ ಸುಮಾರಿನಲ್ಲಿ ಕಟ್ಟಿದ ಎಷ್ಟೋ ಕಾಂಕ್ರೀಟು ಕಟ್ಟಡಗಳ ಛಾವಣಿಯಿಂದ ಇಂದು ಹೆಕ್ಕಳಿಕೆಗಳು ಉದುರಿ, ಒಳಗಿನ ತುಕ್ಕು ಹಿಡಿದ ಸಲಾಕಿಗಳು ಹೊರಗೆ ಕಾಣುತ್ತಿರುತ್ತವೆ. ಅವಕ್ಕಿಂತ ನೂರು ವರ್ಷ ಹಿರಿಯದಾದ ಗಾರೆಯ ಗೋಡೆಯು ಗಟ್ಟಿಯಾಗಿ ನಿಂತಿರುತ್ತದೆ. ಹಿಂದಿನವರು ಪುಣ್ಯವಂತರು, ಈಗಿನವರು ಕಳ್ಳರು ಎಂದು ಇದನ್ನು ವಿವರಿಸುವವರುಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಎರಡು ದ್ರವ್ಯಗಳ ರಸಾಯನವೇ ಬೇರೆ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯುವು ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೂರು ಕಿಲೋಗ್ರಾಮು ಶುದ್ಧ ಸುಣ್ಣಕಲ್ಲಿನಿಂದ 44 ಕಿಲೋಗ್ರಾಮು ವಾಯು ಹೋಗಿ 56 ಕಿಲೋಗ್ರಾಮು ಸುಟ್ಟ ಸುಣ್ಣ ದೊರೆಯುತ್ತದೆಂಬುದನ್ನು ಪರಮಾಣು ಭಾರಗಳನ್ನು ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಇದಕ್ಕೆ ನೀರು ಹೊಯ್ದರೆ ಕುದಿದು ಅರಳಿದ ಸುಣ್ಣವಾಗುತ್ತದೆ. ಅರಳಿದ ಸುಣ್ಣವನ್ನು ಮರಳಿನೊಡನೆ, ಇಲ್ಲವೆ ಇಟ್ಟಿಗೆಯ ಪುಡಿಯಾದ ಸುರ್ಕಿಯೊಡನೆ ಸೇರಿಸಿ, ಎತ್ತು ತಿರುಗಿಸುವ ಗಾಣದಲ್ಲಿ ನುಣ್ಣಗೆ ಅರೆದು ಗಾರೆ ಮಾಡುತ್ತಿದ್ದರು. ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುವ ವಾಡಿಕೆ ನಮ್ಮಲ್ಲಿತ್ತು. ಗೋಡೆಯೊಳಗೆ ಸೇರಿದ ಮೇಲೆ ಈ ಗಾರೆ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಸುಣ್ಣಕಲ್ಲಾಗಿ ಮಾರ್ಪಡುತ್ತದೆ. ಅಂದರೆ ಭಟ್ಟಿಯಲ್ಲಿ ಹೊರಟುಹೋದ ವಾಯುವಿನ ಬಹುಭಾಗವು ದಶಕಗಳ ಕಾಲ ಸ್ವಲ್ಪಸ್ವಲ್ಪವಾಗಿ ಗೋಡೆಗೆ ಹಿಂದಿರುಗುತ್ತದೆ. ವರ್ಷ ಕಳೆದಷ್ಟೂ ಗಾರೆ ಗಟ್ಟಿ. ಕೂದಲೆಳೆಯಂತಹ ಬಿರುಕು ಬಿಟ್ಟರೂ, ಮಳೆನೀರಿನಲ್ಲಿ ಕರಗಿದ ಸುಣ್ಣವು ಬಿರುಕಿನಲ್ಲಿ ಮತ್ತೆ ಹರಳುಗಟ್ಟಿ ತಾನೇ ಅದನ್ನು ಮುಚ್ಚುವುದುಂಟು. ಕನ್ನಂಬಾಡಿಯ ಕೃಷ್ಣರಾಜಸಾಗರದ ಅಣೆಕಟ್ಟನ್ನು 1911ರಲ್ಲಿ ಆರಂಭಿಸಿ ಕಟ್ಟಿದ್ದು ಇಂತಹ ಸುರ್ಕಿ ಗಾರೆಯಿಂದಲೇ ಎಂಬುದನ್ನು ನೆನೆದರೆ, ಹಳೆಯ ಗಾರೆಯನ್ನು ಹಳೆಯದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ಎಷ್ಟು ಸರಿಯೆಂಬುದು ತಿಳಿಯುತ್ತದೆ.

ಇದೇ ಇಂಗಾಲಾಮ್ಲ ವಾಯುವು ಕಬ್ಬಿಣ ಸೇರಿದ ಕಾಂಕ್ರೀಟಿಗೆ ಶತ್ರು. ಸಿಮೆಂಟು ಗಟ್ಟಿಯಾಗುವಾಗ ಒಳಗೆ ಬಹಳ ಕ್ಷಾರ ಉಳಿದಿರುತ್ತದೆ. ಆ ಕ್ಷಾರದ ನಡುವೆ ಇರುವವರೆಗೂ ಉಕ್ಕಿನ ಸಲಾಕಿಗೆ ತುಕ್ಕು ಹಿಡಿಯದು. ಗಾಳಿಯ ವಾಯುವು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ವರ್ಷಕ್ಕಿಷ್ಟೆಂದು ಒಳನುಗ್ಗಿ ಕ್ಷಾರವನ್ನು ಕಳೆಯುತ್ತ ಹೋಗುತ್ತದೆ. ಸಲಾಕಿಯವರೆಗೆ ತಲುಪಿದ ದಿನ ಅದರ ಕವಚ ಕಳಚಿದಂತೆ. ತೇವ ಸಿಕ್ಕರೆ ತುಕ್ಕು ಆರಂಭ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಾಲು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಅಳತೆಗೊಳವೆ ಹಿಡಿದು ಫೀನಾಲ್‌ಫ್ತಲೀನ್ ಹನಿ ಹಾಕಿದವರೆಲ್ಲ ಈ ವಿದ್ಯಮಾನವನ್ನು ಕಣ್ಣಾರೆ ನೋಡಬಹುದು. ಹೊಸದಾಗಿ ಒಡೆದ ಕಾಂಕ್ರೀಟು ತುಂಡಿನ ಮೇಲೆ ಆ ದ್ರಾವಣವನ್ನು ಸಿಂಪಡಿಸಿದರೆ ಕ್ಷಾರ ಉಳಿದಿರುವ ಒಳಭಾಗ ಗುಲಾಬಿಯಾಗುತ್ತದೆ. ಕ್ಷಾರ ಕಳೆದ ಹೊರಭಾಗ ಬಣ್ಣಗೆಡದೆ ಹಾಗೆಯೇ ಇರುತ್ತದೆ. ಗುಲಾಬಿಯ ಗಡಿಯು ಸಲಾಕಿಯಿಂದ ಎಷ್ಟು ದೂರವಿದೆಯೆಂದು ಅಳೆದು ಎಂಜಿನಿಯರುಗಳು ಕಟ್ಟಡದ ಮುಂದಿನ ಆಯುಸ್ಸನ್ನು ಅಂದಾಜು ಮಾಡುತ್ತಾರೆ. ಸಾಮಾನ್ಯ ಕಾಂಕ್ರೀಟು ಕಟ್ಟಡವೊಂದಕ್ಕೆ ಐವತ್ತು ಅರವತ್ತು ವರ್ಷದ ಬಾಳಿಕೆಯನ್ನು ಊಹಿಸಿ ಲೆಕ್ಕ ಮಾಡುವುದು ರೂಢಿ. ಆ ಲೆಕ್ಕವನ್ನು ಗಾರೆಯ ಗೋಡೆಗೆ ಅಂಟಿಸಿ ‘ಇದರ ಆಯುಸ್ಸು ಮುಗಿಯಿತು’ ಎನ್ನುವುದು ಆಲದ ಮರಕ್ಕೆ ಬಾಳೆಯ ಗಿಡದ ವಯಸ್ಸನ್ನು ಹೇಳಿದಂತೆ.

ಇನ್ನು ಖರ್ಚಿನ ಲೆಕ್ಕ. ನಾವಿಲ್ಲಿ ಹೇಳುವುದು ರೂಪಾಯಿಯ ಖರ್ಚನ್ನಲ್ಲ, ಶಕ್ತಿಯ ಖರ್ಚನ್ನು. ಹೆಬ್ಬಾಳಕ್ಕೆ ಪಶ್ಚಿಮದಲ್ಲಿ, ಯಶವಂತಪುರದ ಬಳಿಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಗ್ಗದ ಮತ್ತು ಹಗುರ ಇಂಧನದ ಕಟ್ಟಡ ಸಾಮಗ್ರಿಗಳ ಬಗ್ಗೆ 1970ರ ದಶಕದಿಂದಲೂ ಸಂಶೋಧನೆ ನಡೆದಿದೆ. (ಅಲ್ಲಿಯ ಬೂದುಬಣ್ಣದ ಕಲ್ಲಿನ ಮುಖ್ಯ ಕಟ್ಟಡವೂ ನೂರು ವರ್ಷ ದಾಟಿ ಇಂದಿಗೂ ದಿನನಿತ್ಯದ ಉಪಯೋಗದಲ್ಲಿದೆ.) ಅಲ್ಲಿಯ ವೆಂಕಟರಾಮ ರೆಡ್ಡಿ ಮತ್ತು ಕೆ. ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಟ್ಟಡ ಸಾಮಗ್ರಿಗಳು ಹುಟ್ಟುವಾಗ ನುಂಗುವ ಶಕ್ತಿಯನ್ನು ಪಟ್ಟಿ ಮಾಡಿದ್ದಾರೆ. ಒಂದು ಸುಟ್ಟ ಇಟ್ಟಿಗೆಗೆ ಸುಮಾರು 4.25 ಮೆಗಾಜೂಲ್, ಒಂದು ಕಿಲೋಗ್ರಾಮು ಸಿಮೆಂಟಿಗೆ 5.85; ಒಂದು ಕಿಲೋಗ್ರಾಮು ಉಕ್ಕಿಗೆ 42. ಇಟ್ಟಿಗೆಯ ಲೆಕ್ಕವನ್ನೇ ನೋಡಿ. ಲಕ್ಷ ಇಟ್ಟಿಗೆಯ ಗೋಡೆಗಳಿರುವ ಕಟ್ಟಡಕ್ಕೆ 4,25,000 ಮೆಗಾಜೂಲ್ ಹೋಯಿತು. ಒಣ ಸೌದೆ ಉರಿದರೆ ಕಿಲೋಗ್ರಾಮಿಗೆ ಸುಮಾರು 16 ಮೆಗಾಜೂಲ್ ಶಾಖ ಬರುವುದರಿಂದ, ಇಪ್ಪತ್ತಾರು ಟನ್ನಿಗೂ ಮೀರಿದ ಸೌದೆಯು ಆ ಗೋಡೆಗಳಲ್ಲಿ ಅಡಗಿದೆ ಎಂದಾಯಿತು. ಕಟ್ಟಡವನ್ನು ಕೆಡಹಿದರೆ ಅಷ್ಟೂ ಮಣ್ಣುಪಾಲು.

ಇಲ್ಲಿ ಒಂದು ತಪ್ಪು ತರ್ಕಕ್ಕೆ ವಾಚಕರು ಒಳಗಾಗಬಾರದು. ಹಳೆಯ ಕಟ್ಟಡಗಳ ಅಭಿಮಾನಿಗಳೇ ಇದನ್ನು ಮೇಲಿಂದ ಮೇಲೆ ಮಾಡುತ್ತಾರೆ. ನೂರು ವರ್ಷದ ಹಿಂದೆ ಉರಿದ ಸೌದೆ ಉರಿದೇ ಹೋಯಿತು. ಕಟ್ಟಡವನ್ನು ಉಳಿಸಿದ ಮಾತ್ರಕ್ಕೆ ಅದು ಹಿಂದಿರುಗಿ ಬರುವುದಿಲ್ಲ. ಹಿಂದಿನ ಖರ್ಚನ್ನು ತೋರಿಸಿ ಇಂದಿನ ತೀರ್ಮಾನವನ್ನು ಕೈಗೊಳ್ಳುವುದು ಲೆಕ್ಕಶಾಸ್ತ್ರಕ್ಕೆ ಒಪ್ಪದ ಮಾತು. ನೋಡಬೇಕಾದುದು ಮುಂದಿನ ಖರ್ಚನ್ನು. ಹಳೆಯದನ್ನು ಕೆಡಹಿದರೆ ಅದರ ಸ್ಥಳದಲ್ಲಿ ಹೊಸದೊಂದು ಏಳಲೇಬೇಕಷ್ಟೆ. ಅದೇ ಪ್ರಬಂಧದ ಪ್ರಕಾರ, ಕಾಂಕ್ರೀಟು ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ನೆಲದ ಚದರ ಮೀಟರಿಗೆ ಸುಮಾರು 4.2 ಗಿಗಾಜೂಲ್ ಬೇಕು. ಸಾವಿರ ಚದರ ಮೀಟರಿಗೆ 4,200 ಗಿಗಾಜೂಲ್; ಡೀಸೆಲಿಗೆ ಪರಿವರ್ತಿಸಿ ಹೇಳಿದರೆ ಲಕ್ಷ ಲೀಟರಿಗೂ ಹೆಚ್ಚು. ಹಳೆಯ ಕಟ್ಟಡವನ್ನು ರಿಪೇರಿ ಮಾಡಲು ಇದರ ಒಂದು ಸಣ್ಣ ಪಾಲು ಸಾಕು. ಮೇಲಾಗಿ ಸಿಮೆಂಟಿನ ಸುಣ್ಣಕಲ್ಲನ್ನು ಸುಡುವಾಗ ಹೊರಡುವ ಇಂಗಾಲಾಮ್ಲ ವಾಯುವನ್ನು ಯಾವ ಉತ್ತಮ ಒಲೆಯೂ ತಡೆಯಲಾರದು, ಅದು ಕಲ್ಲಿನೊಳಗಿನದೇ. ಇಂಧನದ ಹೊಗೆಯನ್ನೂ ಕೂಡಿಸಿದರೆ ಜಗತ್ತಿನಲ್ಲಿ ಮನುಷ್ಯನು ಹೊರಬಿಡುವ ಇಂಗಾಲಾಮ್ಲ ವಾಯುವಿನ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ಕಾರ್ಖಾನೆಗಳಿಂದ ಬರುತ್ತದೆ.

ಪ್ರತಿವಾದಿಗಳ ಬಾಯಲ್ಲಿ ಒಂದು ಬಲವಾದ ಮಾತುಂಟು. ಎರಡಂತಸ್ತಿನ ಹಳೆಯ ಮನೆಯ ನೆಲದಲ್ಲಿ ಹತ್ತಂತಸ್ತು ಕಟ್ಟಿದರೆ ಹೆಚ್ಚು ಜನಕ್ಕೆ ಎಡೆಯಾಗುವುದಿಲ್ಲವೆ, ಅವರು ಊರಾಚೆ ಹೋಗಿ ಮನೆ ಮಾಡಿ ದಿನವೂ ಹೆಬ್ಬಾಳದ ಸೇತುವೆಯ ಮೇಲೆ ಪೆಟ್ರೋಲು ಸುಡುವುದು ತಪ್ಪುವುದಿಲ್ಲವೆ ಎಂದು ಅವರು ಕೇಳುತ್ತಾರೆ. ಇದು ನಿಜ. ಎಲ್ಲ ಹಳೆಯ ಗೋಡೆಗಳನ್ನೂ ಉಳಿಸಬೇಕೆಂದು ನಾವು ವಾದಿಸುವುದಿಲ್ಲ. ಆದರೆ ಲೆಕ್ಕ ಮಾಡಿದ ಮೇಲೆ ಕೆಡಹುವುದು ಬೇರೆ, ಲೆಕ್ಕವನ್ನೇ ಮಾಡದೆ ಕೆಡಹುವುದು ಬೇರೆ. ಕೆಡಹಿದ ಸ್ಥಳದಲ್ಲಿ ಮನೆಗಳೇ ಏಳುತ್ತವೆಂಬ ಭರವಸೆಯೂ ಇಲ್ಲ. ವಾಹನಗಳ ನಿಲ್ದಾಣವೋ ಗಾಜಿನ ಮುಖದ ಅಂಗಡಿಯೋ ಏಳಬಹುದು. ಮುಕ್ಕಾಲು ಗಜದ ಇಲ್ಲವೆ ಅರ್ಧ ಗಜದ ಹಳೆಯ ಗೋಡೆಯು ಹಗಲಿನ ಬಿಸಿಲನ್ನು ಹೀರಿ ಒಳಗೆ ಬಿಡುವುದಕ್ಕೆ ಹತ್ತು ಗಂಟೆಗೂ ಮೀರಿ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ರಾತ್ರಿಯ ತಂಗಾಳಿ ಬಂದಿರುತ್ತದೆ. ಗಾಜಿನ ಗೋಡೆಗೆ ಈ ತಾಳ್ಮೆಯಿಲ್ಲ. ಅದಕ್ಕೆ ಯಂತ್ರದ ತಂಪು ಬೇಕು.

ಇಷ್ಟು ಹೇಳಿದೊಡನೆ ಹಳೆಯ ಕಟ್ಟಡಗಳೆಲ್ಲ ಭದ್ರವೆಂದು ಭಾವಿಸುವುದು ಅಪಾಯಕರ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟ್ ತಿಂಗಳಲ್ಲಿ ಕುಸಿದುಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. ಅದೇ ನಗರದ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರವು 2016ರ ಆಗಸ್ಟ್‌ನಲ್ಲಿ, ರಿಪೇರಿಯ ಕೆಲಸ ನಡೆಯುತ್ತಿದ್ದಾಗಲೇ ಕುಸಿಯಿತು. ಎರಡನ್ನೂ ಪುನಃ ಸರಿಪಡಿಸಬೇಕೆ, ಪೂರ್ತಿ ಕೆಡಹಿ ಹಾಗೆಯೇ ಹೊಸದಾಗಿ ಕಟ್ಟಬೇಕೆ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ಘಟನೆಗಳೂ ಆಗಸ್ಟ್‌ನಲ್ಲಿ, ಮಳೆಗಾಲದಲ್ಲಿ ನಡೆದದ್ದನ್ನು ವಾಚಕರು ಗಮನಿಸಿರಬೇಕು. ಗಾರೆಯ ಕಟ್ಟಡಕ್ಕೆ ವಯಸ್ಸಿಗಿಂತ ಹೆಚ್ಚಿನ ಶತ್ರು ನೀರು.

ನೀರು ಬರುವ ದಾರಿಗಳು ಹಲವು. ಆ ಕಾಲದ ಛಾವಣಿಯನ್ನು ಮದರಾಸು ತಾರಸಿ ಎನ್ನುತ್ತಾರೆ: ತೇಗದ ತೊಲೆಗಳನ್ನು ಹತ್ತಿರ ಹತ್ತಿರ ಹೊದಿಸಿ, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಮೇಲೆ ಇಟ್ಟಿಗೆಚೂರಿನ ಸುಣ್ಣಗಾರೆ ಬಡಿದು, ಹಂಚುಬಿಲ್ಲೆಗಳನ್ನು ಹಾಸಿರುತ್ತಾರೆ. ನೀರು ಹರಿಯುವ ಕೊಳವೆ ಎಲೆಯಿಂದ ಕಟ್ಟಿಕೊಂಡರೆ ತಾರಸಿಯ ಮೇಲೆ ನೀರು ನಿಂತು, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗೆ ಇಳಿಯುತ್ತದೆ. ಕಣ್ಣಿಗೆ ಕಾಣುವ ತೊಲೆ ಗಟ್ಟಿಯಾಗಿಯೇ ಇರುತ್ತದೆ. ಕಾಣದ ತುದಿ ಕೊಳೆತಿರುತ್ತದೆ. ಭಾರವನ್ನು ಹೊತ್ತಿರುವುದು ಆ ತುದಿಯೇ! ಹಕ್ಕಿ ಹಾಕಿದ ಅರಳಿಯ ಬೀಜವೊಂದು ಬಿರುಕಿನಲ್ಲಿ ಮೊಳೆತರೆ ಬೇರು ದಪ್ಪವಾಗುತ್ತ ಕಲ್ಲುಗಳನ್ನು ಸರಿಸುತ್ತದೆ. ಮೇಲಿನ ಗಿಡವನ್ನು ವರ್ಷಕ್ಕೊಮ್ಮೆ ಕತ್ತರಿಸಿದರೆ ಬೇರು ಮತ್ತಷ್ಟು ಆಳಕ್ಕೆ ಹೋಗುವುದೇ ಹೊರತು ಸಾಯುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಒಳ್ಳೆಯ ಉದ್ದೇಶದಿಂದ ಮಾಡುವ ತಪ್ಪು ರಿಪೇರಿ. ಗಾರೆಯ ಗೋಡೆಯು ಉಸಿರಾಡುತ್ತದೆಂದು ಹಳೆಯ ಮೇಸ್ತ್ರಿಗಳು ಹೇಳುತ್ತಿದ್ದರು. ಅವರ ಮಾತಿನ ತಾತ್ಪರ್ಯವಿಷ್ಟೆ: ನೆಲದಿಂದ ಏರಿದ ತೇವವು ಸುಣ್ಣದ ಗಿಲಾವಿನ ರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಗೋಡೆಗೆ ಬಲ ಬರಲೆಂದು ಅದರ ಮೇಲೆ ಸಿಮೆಂಟು ಬಳಿದರೆ ಆವಿಗೆ ದಾರಿಯಿಲ್ಲ. ತೇವ ಇನ್ನೂ ಮೇಲಕ್ಕೇರುತ್ತದೆ. ಅದರಲ್ಲಿ ಕರಗಿದ ಲವಣಗಳು ಸಿಮೆಂಟಿನ ಹಿಂದೆ ಹರಳುಗಟ್ಟಿ, ಹಿಗ್ಗುತ್ತ, ಇಟ್ಟಿಗೆಯನ್ನೇ ಹುಡಿ ಮಾಡುತ್ತವೆ. ಹೊರಗಿನಿಂದ ನೋಡುವವರಿಗೆ ಹೊಸ ಗಿಲಾವು, ಹೊಸ ಬಣ್ಣ. ಒಳಗೆ ಗೋಡೆ ಸವೆಯುತ್ತಿರುತ್ತದೆ. ಕೆಲವು ವರ್ಷಗಳ ಮೇಲೆ ಸಿಮೆಂಟಿನ ಚಕ್ಕೆ ಬಿದ್ದಾಗ ‘ನೋಡಿದಿರಾ, ಹಳೆಯ ಕಟ್ಟಡ!’ ಎಂದು ದೂರುತ್ತಾರೆ.

ಆದ್ದರಿಂದ ಕೆಡಹುವ ಮಾತಿಗೆ ಮೊದಲು ಪರೀಕ್ಷೆಯ ಮಾತು ಬರಬೇಕು. ವೈದ್ಯನು ಎದೆಗೆ ಬೆರಳಿಟ್ಟು ತಟ್ಟಿ ನೋಡುವಂತೆ ಎಂಜಿನಿಯರು ಸುತ್ತಿಗೆಯಿಂದ ಗೋಡೆಯನ್ನು ತಟ್ಟುತ್ತಾನೆ. ಗಿಲಾವು ಬಿಟ್ಟಿರುವೆಡೆ ಟೊಳ್ಳು ಸದ್ದು ಬರುತ್ತದೆ. ಸೂಜಿಯಂತಹ ಬೈರಿಗೆಯನ್ನು ತೊಲೆಯ ತುದಿಗೆ ತೂರಿಸಿ, ಅದು ತಿರುಗುವಾಗ ಮರ ಒಡ್ಡುವ ತಡೆಯನ್ನು ಬರೆದಿಡುವ ಸಲಕರಣೆಯಿದೆ. ಕೊಳೆತ ಜಾಗದಲ್ಲಿ ತಡೆ ಒಮ್ಮೆಲೇ ಕುಸಿಯುತ್ತದೆ. ಕಿವಿಗೆ ಕೇಳಿಸದಷ್ಟು ಹೆಚ್ಚು ಕಂಪನದ ಶಬ್ದವನ್ನು ಗೋಡೆಯ ಒಂದು ಕಡೆಯಿಂದ ಕಳುಹಿಸಿ ಇನ್ನೊಂದು ಕಡೆ ತಲುಪುವ ಹೊತ್ತನ್ನು ಅಳೆದರೆ ಒಳಗಿನ ಪೊಳ್ಳು ಪತ್ತೆಯಾಗುತ್ತದೆ. ಶಾಖವನ್ನು ಕಾಣುವ ಛಾಯಾಯಂತ್ರಕ್ಕೆ ತೇವದ ಜಾಗ ತಂಪಾಗಿ ತೋರುತ್ತದೆ. ಲೇಸರ್ ಕಿರಣಗಳಿಂದ ಇಡೀ ಕಟ್ಟಡದ ಅಳತೆಯನ್ನು ಮಿಲಿಮೀಟರುಗಳವರೆಗೆ ತೆಗೆದಿಡಬಹುದು. ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನು ಮಿಥಿಕ್ ಸೊಸೈಟಿಯವರು ಹೀಗೆ ಮೂರು ಆಯಾಮಗಳಲ್ಲಿ ದಾಖಲೆ ಮಾಡಿಟ್ಟಿದ್ದಾರೆ. ಕಣ್ಣಿಗೆ ಮಸಕಾದ ಅಕ್ಷರಗಳನ್ನೂ ಗಣಕದ ಪರದೆಯ ಮೇಲೆ ಓರೆ ಬೆಳಕು ಬೀರಿ ಓದಲು ಇದರಿಂದ ಅನುಕೂಲ. ಪರೀಕ್ಷೆಯ ಫಲವಾಗಿ ಸಾಮಾನ್ಯವಾಗಿ ತಿಳಿದುಬರುವುದೇನೆಂದರೆ, ಕಟ್ಟಡಕ್ಕೆ ಕಟ್ಟಡವೇ ಕೆಟ್ಟಿರುವುದಿಲ್ಲ. ಎರಡು ತೊಲೆ, ಒಂದು ಮೂಲೆ, ಒಂದು ನೀರಿನ ಕೊಳವೆ ಕೆಟ್ಟಿರುತ್ತದೆ. ಗಾರೆಯ ಕಟ್ಟಡದ ದೊಡ್ಡ ಗುಣವೇ ಇದು: ಬಿಡಿಬಿಡಿಯಾಗಿ ಕಟ್ಟಿದ್ದನ್ನು ಬಿಡಿಬಿಡಿಯಾಗಿ ರಿಪೇರಿ ಮಾಡಬಹುದು.

ವಿಜ್ಞಾನದ ಉತ್ತರ ಇಷ್ಟು ಸರಳವಾಗಿರುವಾಗ ಕಟ್ಟಡಗಳು ಏಕೆ ಉರುಳುತ್ತವೆ? ನೆಲದ ಬೆಲೆಯಿಂದ. ಒಬ್ಬ ಖಾಸಗಿ ಒಡೆಯನಿಗೆ ‘ನಿನ್ನ ಮನೆ ಊರಿನ ಸೊತ್ತು, ಮುಟ್ಟಬೇಡ’ ಎಂದು ಹೇಳಿ, ಅವನ ಪಕ್ಕದವನು ಹತ್ತಂತಸ್ತು ಕಟ್ಟುವುದನ್ನು ನೋಡುತ್ತ ಕುಳಿತಿರು ಎಂದರೆ ಅದು ನ್ಯಾಯವಲ್ಲ. ಅವನು ಮಳೆಗೆ ಛಾವಣಿ ಸೋರಲು ಬಿಟ್ಟು ತಾನಾಗಿ ಬೀಳಲೆಂದು ಕಾಯುತ್ತಾನೆ. ಇದಕ್ಕೆ ಒಂದು ಉಪಾಯವುಂಟು. ತನ್ನ ನೆಲದ ಮೇಲೆ ಕಟ್ಟಬಹುದಾಗಿದ್ದ ಅಂತಸ್ತುಗಳ ಹಕ್ಕನ್ನು ಒಡೆಯನು ಕಾಗದದ ರೂಪದಲ್ಲಿ ಪಡೆದು, ಊರಿನ ಬೇರೆ ಭಾಗದಲ್ಲಿ ಕಟ್ಟುವವರಿಗೆ ಮಾರಿಕೊಳ್ಳುವುದು. ಹಣ ಅವನಿಗೆ, ಕಟ್ಟಡ ಊರಿಗೆ. ನ್ಯೂಯಾರ್ಕಿನಲ್ಲಿ 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಭವ್ಯ ಕಟ್ಟಡವನ್ನು ಕೆಡಹತೊಡಗಿದಾಗ ಜನ ಬೆಚ್ಚಿಬಿದ್ದರು. 1965ರಲ್ಲಿ ಆ ನಗರವು ಸ್ಮಾರಕ ಕಟ್ಟಡಗಳ ಶಾಸನವನ್ನು ಮಾಡಿತು. ಅಲ್ಲಿಯೇ ಇನ್ನೊಂದು ನಿಲ್ದಾಣದ ನೆತ್ತಿಯ ಮೇಲೆ ಗೋಪುರವೇರಿಸುವ ಯತ್ನ ನಡೆದಾಗ, ಹಕ್ಕನ್ನು ಬೇರೆಡೆ ವರ್ಗಾಯಿಸಿಕೊಳ್ಳುವ ಅವಕಾಶವಿರುವುದನ್ನೂ ಗಣಿಸಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ನಗರದ ಪರವಾಗಿ ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲಿ ಮುಂಬಯಿ ನಗರವು 1995ರಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡಿ ನಿಯಮಗಳನ್ನು ರಚಿಸಿ ದಾರಿ ತೋರಿಸಿತು.

ಇನ್ನೊಂದು ಉಪಾಯ ಕಟ್ಟಡಕ್ಕೆ ಹೊಸ ಉದ್ಯೋಗ ಕೊಡುವುದು. ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಮಾಣಿಕ್ಯವೇಲು ಭವನವೆಂಬ ಹಳೆಯ ಬಂಗಲೆಯು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಸಾಲದ ಜಾಗಕ್ಕಾಗಿ ಹಿಂಬದಿಯಲ್ಲಿ ಹೊಸ ಭಾಗವನ್ನು ಕಟ್ಟಿದರು. ಅಠಾರಾ ಕಚೇರಿಯಲ್ಲಿ ಮಾಡಿದ್ದೂ ಇದನ್ನೇ ಅಲ್ಲವೆ? ಲಾಲ್‌ಬಾಗಿನ ಕ್ರುಂಬಿಗಲ್ ಭವನಕ್ಕೆ ಈ ಭಾಗ್ಯ ಬರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಬೆಂಗಳೂರಿನ ಬೀದಿಗಳಿಗೆ ಹೂಮರಗಳನ್ನು ಕೊಟ್ಟ ಜರ್ಮನ್ ಸಸ್ಯತಜ್ಞನ ಹೆಸರು ಹೊತ್ತಿದ್ದ ಆ ಪುಟ್ಟ ಉಪನ್ಯಾಸ ಮಂದಿರವು ಗ್ರೀಕ್ ದೇವಾಲಯದಂತಹ ಮುಖವುಳ್ಳದ್ದು. ವರ್ಷಗಟ್ಟಲೆ ಉಪಯೋಗವಿಲ್ಲದೆ ಬಿದ್ದಿತ್ತು. ಶಿಥಿಲವಾಯಿತೆಂದು 2017ರ ನವೆಂಬರಿನಲ್ಲಿ ಅದನ್ನು ಕೆಡಹಿದರು. ಅಲ್ಲಿ ನೆಲದ ಬೆಲೆಯ ಒತ್ತಡವೂ ಇರಲಿಲ್ಲ, ಸುತ್ತ ಎಲ್ಲ ಉದ್ಯಾನವೇ. ಒಂದು ಹಂಚು ಸರಿದಾಗಲೇ ಅದನ್ನು ಸರಿಸಿಟ್ಟಿದ್ದರೆ ಎಂಬ ವಿಚಾರ ಈಗಲೂ ನಮ್ಮನ್ನು ಬಿಟ್ಟಿಲ್ಲ.

ಗಾರೆ ಅರೆಯಬಲ್ಲ, ಮದರಾಸು ತಾರಸಿಯನ್ನು ಬಡಿಯಬಲ್ಲ ಮೇಸ್ತ್ರಿಗಳು ಈಗ ವಿರಳ. ಅವರಿಂದ ಕಲಿಯುವವರು ಇನ್ನೂ ವಿರಳ. ಎಂಜಿನಿಯರಿಂಗ್ ತರಗತಿಗಳಲ್ಲಿ ಸಿಮೆಂಟಿಗೆ ಸಿಕ್ಕಿರುವ ಪುಟಗಳ ನೂರರಲ್ಲೊಂದು ಪಾಲು ಸುಣ್ಣಕ್ಕೆ ಸಿಕ್ಕಿದ್ದರೂ ಹೆಚ್ಚೆಂದು ನಮ್ಮ ಎಣಿಕೆ. ಈ ವೃತ್ತಿಗೆ ಹೋಗಬಯಸುವ ವಿದ್ಯಾರ್ಥಿಗೆ ಕೆಲಸದ ಅಭಾವ ಬಹುಕಾಲ ಬರಲಾರದು.

ಆಸಕ್ತಿಯುಳ್ಳವರು ಈಗಿನಿಂದಲೇ ಒಂದು ಪ್ರಯೋಗವನ್ನು ಮಾಡಬಹುದು. ನಿಮ್ಮ ಊರಿನಲ್ಲಿ ಹಳೆಯ ಶಾಲೆಯ ಕಟ್ಟಡವೋ ಛತ್ರವೋ ಇದ್ದರೆ, ಅಧ್ಯಾಪಕರನ್ನು ಜೊತೆಗೆ ಕರೆದುಕೊಂಡು, ಒಡೆಯರ ಅನುಮತಿ ಪಡೆದು, ನೆಲದಿಂದ ಕೈಗೆಟುಕುವ ಎತ್ತರದಲ್ಲಿರುವ ಒಂದು ಬಿರುಕನ್ನು ಆರಿಸಿಕೊಳ್ಳಿ. ಸೂಕ್ಷ್ಮದರ್ಶಕಕ್ಕೆ ಬಳಸುವ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ತುದಿಗಳನ್ನೂ ಪ್ಲಾಸ್ಟರ್ ಆಫ್ ಪ್ಯಾರಿಸಿನಿಂದ ಭದ್ರವಾಗಿ ಅಂಟಿಸಿ. ಗಿಲಾವಿನ ಮೇಲಲ್ಲ, ಒಳಗಿನ ಇಟ್ಟಿಗೆಗೇ ಅಂಟಿರಬೇಕು. ಪಕ್ಕದಲ್ಲಿ ಸೀಸದ ಕಡ್ಡಿಯಿಂದ ತಾರೀಖು ಬರೆಯಿರಿ. ಇಪ್ಪತ್ತು ಮೀಟರು ಉದ್ದದ ಇಟ್ಟಿಗೆಯ ಗೋಡೆಯು ಹದಿನೈದು ಡಿಗ್ರಿ ಶಾಖ ಏರಿದರೆ ಎರಡು ಮಿಲಿಮೀಟರಿನಷ್ಟು ಹಿಗ್ಗುವುದು ಸಹಜವಾದ್ದರಿಂದ, ಬೇಸಗೆಯಲ್ಲಿ ಅಂಟಿಸಿದ ಗಾಜು ಬೇಸಗೆಯಲ್ಲಿಯೇ ಒಡೆದರೆ ಗಾಬರಿಯಾಗದೆ ಇನ್ನೊಂದನ್ನು ಅಂಟಿಸಿ, ಬಿರುಕಿನ ಅಗಲವನ್ನು ಪ್ರತಿ ತಿಂಗಳೂ ಒಂದೇ ಹೊತ್ತಿನಲ್ಲಿ ಅಳೆದು ಬರೆದಿಡಿ. ಗಾಜು ಜೂನ್‌ನಿಂದ ಅಕ್ಟೋಬರಿನವರೆಗೆ ಒಂದು ಮಳೆಗಾಲವನ್ನು ಕಳೆಯಲಿ. ಒಡೆಯದೆ ಉಳಿದರೆ ಬಿರುಕು ಹಳೆಯದು, ಗೋಡೆ ನಿಂತಿದೆ. ಒಡೆದು, ತುಂಡುಗಳ ನಡುವಿನ ಅಂತರ ತಿಂಗಳು ತಿಂಗಳಿಗೆ ಬೆಳೆಯುತ್ತಿದ್ದರೆ ಅಂದೇ ಆ ಗೋಡೆಯ ಬಳಿಯಿಂದ ದೂರ ಸರಿದು, ನಿಮ್ಮ ಪುಸ್ತಕವನ್ನು ಎಂಜಿನಿಯರಿಗೆ ತೋರಿಸಿ.